ಬ್ರಹ್ಮಗಿರಿಯ ಪಾಠ ಮತ್ತು ವಿಜ್ಞಾನದ ವಿದ್ಯಾರ್ಥಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಯರ ಮಾತನ್ನು ಪಾಲಿಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಆ ಶಾಸನದ ಉಪದೇಶ. ಗುರುಶಿಷ್ಯ ಸಂಬಂಧಕ್ಕೆ ಇಷ್ಟು ಪ್ರಾಚೀನವಾದ ಸಾಕ್ಷ್ಯವು ಈ ಸೀಮೆಯಲ್ಲಿಯೇ ಇರುವುದು ಹೆಮ್ಮೆಯ ಸಂಗತಿ. ಆದರೆ ಅದೇ ಬೆಟ್ಟದ ಬುಡದ ಮಣ್ಣು ಮತ್ತೊಂದು ಪಾಠವನ್ನೂ ಹೇಳುತ್ತದೆ.

1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿ, ಕಲ್ಗೊಡಲಿಯ ಜನ, ಬೃಹತ್ ಶಿಲಾಗೋರಿಗಳ ಜನ, ಶಾತವಾಹನರ ಕಾಲದ ಜನ ಎಂದು ಮೂರು ಸಂಸ್ಕೃತಿಗಳನ್ನು ಪದರ ಪದರವಾಗಿ ಗುರುತಿಸಿದರು. ಕಲ್ಗೊಡಲಿಯ ಸಂಸ್ಕೃತಿಯು ಕ್ರಿ.ಪೂ. ಒಂದನೆಯ ಸಹಸ್ರಮಾನದ ಆದಿಭಾಗದ್ದೆಂದು ಅವರು ಎಣಿಸಿದರು. ಮುಂದೆ ದಖ್ಖನ್ನಿನ ಇತರ ನೆಲೆಗಳಲ್ಲಿ ರೇಡಿಯೋ ಕಾರ್ಬನ್ ವಿಧಾನದಿಂದ ಕಾಲನಿರ್ಣಯವಾದಾಗ, ಅಂತಹ ಸಂಸ್ಕೃತಿಯ ಆರಂಭವು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಇದರಿಂದ ವೀಲರ್ ಅವರ ಕೀರ್ತಿ ಕುಂದಲಿಲ್ಲ. ಕಂಡದ್ದನ್ನು ಕಂಡಂತೆ ದಾಖಲಿಸಿದ್ದರಿಂದಲೇ ಅವರ ಎಣಿಕೆಯನ್ನು ತಿದ್ದುವುದು ಇತರರಿಗೆ ಸಾಧ್ಯವಾಯಿತು. ಆಚಾರ್ಯನನ್ನು ಗೌರವಿಸುತ್ತಲೇ ಆತನ ಮಾತನ್ನು ಪರೀಕ್ಷೆಗೊಡ್ಡುವುದು ಸಂಶೋಧನೆಯ ಧರ್ಮ.

ಈ ಧರ್ಮವನ್ನು ಪದವಿ ತರಗತಿಯಲ್ಲಿಯೇ ಕಲಿಸಬೇಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷಗಳ ಪದವಿ ವ್ಯಾಸಂಗವನ್ನು ಆರಂಭಿಸಿತು. ಅಲ್ಲಿನ ವಿದ್ಯಾರ್ಥಿಯು ವಿಜ್ಞಾನದ ಶಾಖೆಗಳೊಂದಿಗೆ ಮಾನವಿಕ ವಿಷಯಗಳನ್ನೂ ಓದಿ, ಕೊನೆಯ ವರ್ಷದಲ್ಲಿ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸ್ವತಃ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕು. ಆ ಬಾಳು ಸುಲಭವಲ್ಲ. ಪ್ರಯೋಗ ಕೆಡುತ್ತದೆ, ಅಳತೆ ತಾಳೆಯಾಗುವುದಿಲ್ಲ, ಊಹೆ ಸುಳ್ಳಾಗುತ್ತದೆ. ಉತ್ತರವನ್ನು ಕಂಠಪಾಠ ಮಾಡಿ ಪ್ರಥಮಸ್ಥಾನ ಪಡೆದ ಬಾಲಕನು, ಉತ್ತರವೇ ಇನ್ನೂ ಹುಟ್ಟದ ಪ್ರಶ್ನೆಯ ಮುಂದೆ ತಬ್ಬಿಬ್ಬಾಗುವುದು ಸಹಜ.

ಅದೇ ಸಂಸ್ಥೆಯ ಎರಡನೆಯ ಆವರಣವು ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ದನಕುರಿಗಳು ಮೇಯುತ್ತಿದ್ದ ಕಾವಲಿನ ನೆಲದಲ್ಲಿ ತಲೆಯೆತ್ತಿದೆ. ಅಲ್ಲಿ ಸಾವಿರಾರು ವಿಜ್ಞಾನ ಶಿಕ್ಷಕರು ಪ್ರಯೋಗದ ತರಬೇತಿ ಪಡೆದಿರುವುದು ಶ್ಲಾಘನೀಯ. ಆದರೆ ನೆಲವನ್ನು ಬಿಟ್ಟುಕೊಟ್ಟ ಹಳ್ಳಿಗಳ ಮಕ್ಕಳು ವಿಜ್ಞಾನದ ಬಾಗಿಲನ್ನು ಕಾವಲುಗಾರರಾಗಿ ಕಾಯಬೇಕೆ, ವಿದ್ಯಾರ್ಥಿಗಳಾಗಿ ಪ್ರವೇಶಿಸಬೇಕೆ? ಇದಕ್ಕೆ ಉತ್ತರ ಕೊಡಬೇಕಾದವರಲ್ಲಿ ಮಠಗಳ ಆಶ್ರಯದ ಶಾಲೆಗಳೂ ಸೇರಿವೆ.

ಇಂಗ್ಲಿಷ್ ಬಾರದ ಮಕ್ಕಳಿಗೆ ಸಂಶೋಧನೆ ಎಲ್ಲಿಯದು ಎಂಬ ಆಕ್ಷೇಪವುಂಟು. ಆ ಭಾಷೆಯನ್ನು ಚೆನ್ನಾಗಿಯೇ ಕಲಿಸಬೇಕು, ಅದರಲ್ಲಿ ಸಂದೇಹವಿಲ್ಲ. ಆದರೆ ಸಂದೇಹಪಡುವ ಬುದ್ಧಿ ಮೊದಲು ತಾಯ್ನುಡಿಯಲ್ಲಿ ಮೊಳೆಯಬೇಕು. ಪೂರ್ವಪಕ್ಷವನ್ನು ಪೂರ್ಣವಾಗಿ ನಿರೂಪಿಸದೆ ಸಿದ್ಧಾಂತಕ್ಕೆ ಬರಬಾರದೆಂಬುದು ಶಾಸ್ತ್ರಾಧ್ಯಯನದ ಹಳೆಯ ಕಟ್ಟಳೆ. ಕಲ್ಯಾಣದ ಅನುಭವ ಮಂಟಪವೂ ಪ್ರಶ್ನೆಗೆ ಹೆದರಿದ ಸಭೆಯಲ್ಲ. ಇಂತಹ ಪರಂಪರೆಯ ವಾರಸುದಾರರಿಗೆ ಪ್ರಶ್ನೆಯು ಹೊರಗಿನಿಂದ ಬಂದ ಸರಕೇನೂ ಅಲ್ಲ.

ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಂದು ಪ್ರಶ್ನೆಯನ್ನು ಹಿಡಿದು ಕನ್ನಡದಲ್ಲಿ ದಿನಚರಿ ಬರೆಯಲಿ. ಶಾಲೆಯಂಗಳದಲ್ಲಿ ಬಿದ್ದ ಮಳೆ ಎಷ್ಟು? ಊರ ಬಾವಿಯ ನೀರು ಯಾವ ತಿಂಗಳಲ್ಲಿ ಎಷ್ಟು ಇಳಿಯಿತು? ಮೊಳಕಾಲ್ಮುರು ರೇಷ್ಮೆಯ ಯಾವ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ? ಶೇಂಗಾ ಬೀಜ ಯಾವ ಮಣ್ಣಿನಲ್ಲಿ ಬೇಗ ಮೊಳೆಯುತ್ತದೆ? ಫಲಿತಾಂಶ ಊಹೆಗೆ ವಿರುದ್ಧವಾಗಿ ಬಂದರೂ ಹಾಗೆಯೇ ಬರೆದ ಬಾಲಕನಿಗೆ ಹೆಚ್ಚು ಅಂಕ ಸಲ್ಲಲಿ. ಸತ್ಯವನ್ನು ನುಡಿಯಬೇಕೆಂಬ ಬಂಡೆಯ ಉಪದೇಶವು ಹೀಗೆ ಪಾಠಕ್ರಮದೊಳಕ್ಕೆ ಬರುತ್ತದೆ.

ಕೊಠಡಿ ಕಟ್ಟಿಸಿದ, ಚಿನ್ನದ ಪದಕ ಸ್ಥಾಪಿಸಿದ ದಾನಿಗಳ ಔದಾರ್ಯ ದೊಡ್ಡದು. ಇನ್ನು ಮುಂದೆ ತಕ್ಕಡಿ, ಉಷ್ಣಮಾಪಕ, ಸೂಕ್ಷ್ಮದರ್ಶಕಗಳಿಗೂ ಆ ಔದಾರ್ಯ ಹರಿಯಲಿ. ಹಳೆಯ ವಿದ್ಯಾರ್ಥಿಗಳು ವರ್ಷದಲ್ಲಿ ಒಂದು ದಿನವಾದರೂ ಬಂದು ಮಕ್ಕಳ ದಿನಚರಿಗಳನ್ನು ಓದಲಿ. ರ‍್ಯಾಂಕ್ ಪಡೆದವರ ಭಾವಚಿತ್ರಗಳ ಪಕ್ಕದಲ್ಲಿ, ಪ್ರಯೋಗ ಕೆಟ್ಟರೂ ಕಾರಣವನ್ನು ಹುಡುಕಿದ ಒಬ್ಬ ವಿದ್ಯಾರ್ಥಿಯ ವರದಿಗೂ ವಾರ್ಷಿಕ ಸಂಚಿಕೆಗಳಲ್ಲಿ ಎಡೆ ದೊರೆಯಲಿ. ಅನ್ನದಾಸೋಹ ಹಸಿವನ್ನು ತಣಿಸುತ್ತದೆ. ಜ್ಞಾನದಾಸೋಹವು ಹಸಿವನ್ನು ಹುಟ್ಟಿಸಬೇಕು.