ಹರಿಗೋಲಿನಲ್ಲಿ ಬೀಗದಕೈ

ಬೀಗದಕೈ ಬರಿಯ ಕಬ್ಬಿಣವಾಗಿದ್ದ ಕಾಲದಲ್ಲಿ ಅದನ್ನು ಜನಿವಾರಕ್ಕೋ ಉಡಿದಾರಕ್ಕೋ ಕಟ್ಟಿಕೊಂಡು ಹೊಳೆಗಿಳಿದರೆ ಭಯವಿರಲಿಲ್ಲ. ಇಂದಿನ ಕಾರಿನದು ಹಾಗಲ್ಲ. ಅದರ ಹೊಟ್ಟೆಯಲ್ಲಿ ಗುಂಡಿಯಂಥ ಬ್ಯಾಟರಿಯೂ ಎಂಜಿನ್ನಿಗೆ ಗುರುತು ಹೇಳುವ ಪುಟ್ಟ ಚಿಪ್ ಒಂದೂ ಇವೆ.

ಕಳೆದ ಬೇಸಿಗೆಯಲ್ಲಿ ಸುಲ್ತಾನ್ ಬತ್ತೇರಿಯಿಂದ ಬಂದಿದ್ದ ಭಾವನವರ ಕಾರಿನಲ್ಲಿ, ಗುಂಡ್ಲುಪೇಟೆಯಿಂದ ಚಾಮರಾಜನಗರದ ಮಾರ್ಗವಾಗಿ ಭರಚುಕ್ಕಿಗೆ ಹೋಗಿದ್ದೆವು. ಹರಿಗೋಲು ಗಿರ್ರನೆ ಸುತ್ತಿದಾಗ ಮಕ್ಕಳು ಕೇಕೆ ಹಾಕಿದರು. ಭಾವನವರ ಜೇಬು ನೆನೆಯಿತು. ದಡಕ್ಕೆ ಬಂದು ಗುಂಡಿಯೊತ್ತಿದರೆ ಕಾರು ಮೌನ. ಮರುದಿನ ಬೆಳಿಗ್ಗೆ ಊರಿನಲ್ಲಿ ಅವರ ತಾಯಿಯವರಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಬಂಡೀಪುರದ ಕಾಡುಹಾದಿಯಾದರೋ, 2009ರಲ್ಲಿ ಬಂದ ನಿಯಮದಂತೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರ ವಾಹನಗಳಿಗೆ ಮುಚ್ಚಿರುತ್ತದೆ.

ಬೀಗದಕೈಯೊಳಗೆ ಅಡಗಿದ್ದ ಲೋಹದ ಅಲಗಿನಿಂದ ಬಾಗಿಲು ತೆರೆದೆವು. ಬ್ಯಾಟರಿಯನ್ನು ತೆಗೆದು, ಒಳಗನ್ನು ಒಣಬಟ್ಟೆಯಿಂದ ಒರೆಸಿ, ನೆರಳಿನ ಗಾಳಿಗಿಟ್ಟೆವು. ಎರಡು ಗಂಟೆಯ ಮೇಲೆ ಅದನ್ನು ಚಾಲನೆಯ ಗುಂಡಿಗೆ ತಾಗಿಸಿ ಹಿಡಿದಾಗ ಎಂಜಿನ್ ಎಚ್ಚೆತ್ತಿತು. ಬ್ಯಾಟರಿ ಇಲ್ಲದಿದ್ದರೂ ಚಿಪ್ಪಿಗೆ ಬೇಕಾದ ಅಲ್ಪ ವಿದ್ಯುತ್ತನ್ನು ಕಾರೇ ಒದಗಿಸುತ್ತದೆಯಂತೆ! ನಮ್ಮನ್ನು ಮನೆಗೆ ಬಿಟ್ಟು ಭಾವನವರು ಮದ್ದೂರಿನ ತಪಾಸಣಾ ಗೇಟನ್ನು ದಾಟಿದಾಗ ಒಂಬತ್ತಕ್ಕೆ ಹತ್ತೇ ನಿಮಿಷ ಉಳಿದಿತ್ತು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ಜಲವಿಹಾರಕ್ಕೆ ಹೋದಾಗ ಬೀಗದಕೈಯನ್ನು ನೀರು ನುಗ್ಗದ ಚೀಲದಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳಿ. ಹಿಂದಿನ ದಿನವೇ ಆ ಚೀಲದೊಳಗೆ ಕಾಗದವಿಟ್ಟು ಬಕೆಟ್ಟಿನಲ್ಲಿ ಮುಳುಗಿಸಿ ಪರೀಕ್ಷಿಸಿರಿ. ಕಾರಿನಲ್ಲಿಯೇ ಬಿಟ್ಟುಹೋಗುವುದು ಕಳ್ಳನಿಗೆ ವೀಳ್ಯ ಕೊಟ್ಟಂತೆ. ಎಲ್ಲಕ್ಕಿಂತ ಉತ್ತಮವೆಂದರೆ ದಡದಲ್ಲಿ ಉಳಿಯುವವರಿಗೆ ಒಪ್ಪಿಸುವುದು.

ಅಂದು ನಮ್ಮ ತಾಯಿಯವರು ದಡದಲ್ಲಿಯೇ ಕುಳಿತಿದ್ದರು. ಅವರ ಸೆರಗಿನ ಗಂಟಿನಲ್ಲಿ ಸ್ಥಳವೂ ಇತ್ತು. ಕೇಳುವ ಬುದ್ಧಿ ಮಾತ್ರ ನಮಗೆ ಇರಲಿಲ್ಲ.