ಗೇಮಿಂಗ್ ಕಂಪ್ಯೂಟರ್: ಪಟ್ಟಿ ಇಲ್ಲದೆ ದುಡ್ಡು ಬೇಡ

ಪರೀಕ್ಷೆ ಮುಗಿದು ರಜೆ ಸಿಕ್ಕಿದ ಕೂಡಲೇ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಕೆಲವು ಮನೆಗಳಲ್ಲಿ ಈಗೀಗ ಹೊಸ ಬೇಡಿಕೆಯೊಂದು ಕೇಳಿಬರುತ್ತಿದೆ. ಹಿಂದೆ ಮಕ್ಕಳು ಸೈಕಲ್ ಬೇಕು ಅನ್ನುತ್ತಿದ್ದರು, ಆಮೇಲೆ ಮೊಬೈಲ್ ಬೇಕು ಅಂದರು. ಈಗ ಗೇಮಿಂಗ್ ಪಿಸಿ ಬೇಕಂತೆ. ಅದೂ ಅಂಗಡಿಯಲ್ಲಿ ಸಿದ್ಧವಾಗಿ ಇಟ್ಟದ್ದಲ್ಲ, ಬಿಡಿಭಾಗ ಆರಿಸಿ ಜೋಡಿಸಿದ್ದೇ ಆಗಬೇಕು. ಬೆಲೆ ಕೇಳಿದರೆ ಒಂದೂವರೆ ಲಕ್ಷ, ಎರಡು ಲಕ್ಷ ಎಂದು ಸಲೀಸಾಗಿ ಹೇಳುತ್ತಾರೆ.

ಹೆತ್ತವರು ಇದಕ್ಕೆ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ "ಓದುವ ಹುಡುಗನಿಗೆ ಆಟ ಎಂಥದು?" ಎಂದು ಗದರಿಸಿ ಮಾತು ಮುಗಿಸುತ್ತಾರೆ. ಇಲ್ಲವೇ ಒಬ್ಬನೇ ಮಗ, ಒಬ್ಬಳೇ ಮಗಳು ಎಂದು ಕಣ್ಣು ಮುಚ್ಚಿ ದುಡ್ಡು ಎಣಿಸುತ್ತಾರೆ. ಎರಡೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಕೊಡಿಸುವ ಶಕ್ತಿ ಇದ್ದರೆ ಖಂಡಿತ ಕೊಡಿಸಿ. ಆದರೆ ಒಂದು ಷರತ್ತು ಇರಲಿ. ಯಾವ ಯಾವ ಭಾಗ ಬೇಕು, ಯಾಕೆ ಬೇಕು, ಅದಕ್ಕಿಂತ ಕಡಿಮೆಯದ್ದು ಯಾಕೆ ಸಾಲದು ಎಂದು ಮಕ್ಕಳೇ ಕನ್ನಡದಲ್ಲಿ ಒಂದು ಪಟ್ಟಿ ಬರೆದು ಮನೆಯವರ ಮುಂದೆ ಓದಿ ಹೇಳಬೇಕು. ಮನೆಯವರಿಗೆ ಅರ್ಥವಾದ ಮೇಲೆಯೇ ದುಡ್ಡು.

ಇದನ್ನು ಯಾಕೆ ಹೇಳುತ್ತೇನೆಂದರೆ, ಕಳೆದ ವರ್ಷ ಒಬ್ಬರು ತೋಟದವರು ಅಂಗಡಿಯಿಂದ ತಂದ ಕೊಟೇಷನ್ ಚೀಟಿಯನ್ನು ನನಗೆ ತೋರಿಸಿದರು. ಅದರಲ್ಲಿ ಹನ್ನೊಂದು ಸಾಲು. "ಮಾಷ್ಟ್ರೇ, ಇದರಲ್ಲಿ ನನಗೆ ಅರ್ಥವಾದದ್ದು ಕೊನೆಯ ಸಾಲು ಮಾತ್ರ" ಅಂದರು. ಕೊನೆಯ ಸಾಲು ಒಟ್ಟು ಮೊತ್ತ! ಇದೇ ಮನುಷ್ಯ ಪಂಪ್‌ಸೆಟ್ ತರುವಾಗ ಬಾವಿಯ ಆಳ, ಪೈಪಿನ ಇಂಚು, ಎಚ್‌ಪಿ, ಫೇಸ್ ಎಲ್ಲ ಕೇಳಿ ಅಂಗಡಿಯವನ ಬೆವರಿಳಿಸುವವರು. ಕಂಪ್ಯೂಟರ್ ಅಂಗಡಿಯಲ್ಲಿ ಮಾತ್ರ ಕೈಕಟ್ಟಿ ನಿಂತಿದ್ದರು. ದುಡ್ಡು ಕೊಡುವವನು ಹಾಗೆ ನಿಲ್ಲಬೇಕಾಗಿ ಬರಬಾರದು. ಪಂಪಿನ ಲೆಕ್ಕ ಗೊತ್ತಿದ್ದವರಿಗೆ ಈ ಲೆಕ್ಕ ಏನೂ ಕಷ್ಟವಿಲ್ಲ. ಹೇಗೆಂದು ನೋಡೋಣ.

ಮೊದಲು ಒಂದು ಎಚ್ಚರಿಕೆ. "ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಸಹಿತ" ಎಂದು ಅಗ್ಗದ ಬೆಲೆಯ ಜಾಹೀರಾತುಗಳು ಬರುತ್ತವೆ. ಐ7 ಎಂಬುದು ಇಂಟೆಲ್ ಕಂಪೆನಿ 2008ರಿಂದ ಬಳಸಿದ ಹೆಸರು. ಯಾವ ಐ7 ಎಂದು ಕೇಳಬೇಕು. ಐ7-3770 ಎಂದು ಉತ್ತರ ಬಂದರೆ ಅದು 2012ರ ಪ್ರೊಸೆಸರ್. ಜೊತೆಗಿರುವ ಕಾರ್ಡ್ ಜಿಟಿ 730 ಆದರೆ ಅದು 2014ರದ್ದು. ಅಂಥ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಳೆಯುವ ಹೊಸ ಪೆಟ್ಟಿಗೆಯೊಳಗೆ ಹತ್ತು ಹನ್ನೆರಡು ವರ್ಷದ ಹಳೆಯ ಸಾಮಾನು. ಬಿಡಿಭಾಗದ ಪೂರ್ತಿ ಹೆಸರು, ಮಾದರಿ ಸಂಖ್ಯೆ ಎರಡೂ ಪಟ್ಟಿಯಲ್ಲಿ ಇರಬೇಕು ಎನ್ನುವುದು ಇದಕ್ಕೇ.

ಇನ್ನು ಪಟ್ಟಿ ಬರೆಯುವುದು ಎಲ್ಲಿಂದ? ಮಕ್ಕಳು ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಮಾನಿಟರಿನಿಂದ ಶುರು ಮಾಡಿ. ಬಾವಿ ನೋಡಿ ಪಂಪು ಆರಿಸಿದ ಹಾಗೆ, ಪರದೆ ನೋಡಿ ಕಾರ್ಡ್ ಆರಿಸಬೇಕು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಗುಣಿಸಿದರೆ 20,73,600. ನಾಲ್ಕು-ಕೆ ಪರದೆಯಲ್ಲಿ 3840 ಗುಣಿಸು 2160, ಅಂದರೆ 82,94,400. ಸರಿಯಾಗಿ ನಾಲ್ಕು ಪಟ್ಟು. ಇಷ್ಟೂ ಚುಕ್ಕೆಗಳ ಬಣ್ಣವನ್ನು ಕಾರ್ಡ್ ಒಂದು ಸೆಕೆಂಡಿನಲ್ಲಿ 60 ಸಲವೋ 144 ಸಲವೋ ಹೊಸದಾಗಿ ಲೆಕ್ಕ ಹಾಕಬೇಕು. ಎಷ್ಟು ಸಲ ಎನ್ನುವುದು ಮಾನಿಟರಿನ ಹರ್ಟ್ಸ್ ಮೇಲೆ ನಿಂತಿದೆ. 60 ಹರ್ಟ್ಸ್‌ನ ಹಳೆಯ ಮಾನಿಟರ್ ಇಟ್ಟುಕೊಂಡು ಕಾರ್ಡಿಗೆ ಲಕ್ಷ ಸುರಿದರೆ, ಅರ್ಧ ಇಂಚಿನ ಪೈಪಿಗೆ 5 ಎಚ್‌ಪಿ ಪಂಪು ಕಟ್ಟಿದ ಹಾಗೆ ಆಗುತ್ತದೆ.

ಎರಡನೆಯದು, ಆಡುವ ಆಟ ಯಾವುದು? ವೇಲರಂಟ್‌ನಂಥ ಆಟ ಸಾಧಾರಣ ಕಾರ್ಡಿನಲ್ಲಿಯೇ ಚೆನ್ನಾಗಿ ಓಡುತ್ತದೆ. ಸೈಬರ್‌ಪಂಕ್ 2077, ಬ್ಲ್ಯಾಕ್ ಮಿತ್ ವುಕಾಂಗ್‌ನಂಥವು ಭಾರದ ಆಟಗಳು. ಎನ್ವಿಡಿಯಾ ಕಂಪೆನಿ 2025ರ ಜನವರಿಯಲ್ಲಿ 50ರ ಸರಣಿಯ ಕಾರ್ಡುಗಳನ್ನು ಪ್ರಕಟಿಸಿದಾಗ ನಮ್ಮ ದೇಶಕ್ಕೆ ಹೇಳಿದ ಆರಂಭಿಕ ಬೆಲೆ ಆರ್‌ಟಿಎಕ್ಸ್ 5070ಕ್ಕೆ 59,000 ರೂಪಾಯಿ, ಆರ್‌ಟಿಎಕ್ಸ್ 5090ಕ್ಕೆ 2,14,000 ರೂಪಾಯಿ. ಮೊದಲನೆಯದರಲ್ಲಿ 12 ಜಿಬಿ ಮೆಮೊರಿ, 250 ವ್ಯಾಟ್. ಎರಡನೆಯದರಲ್ಲಿ 32 ಜಿಬಿ, 575 ವ್ಯಾಟ್. ಅಂಗಡಿಯ ಬೆಲೆ ದಿನಕ್ಕೊಂದು ಇರುತ್ತದೆ, ಅದು ಬೇರೆ ಮಾತು. ಆದರೆ ಮಗ ಆಡುವುದು ಫುಲ್ ಎಚ್‌ಡಿ ಪರದೆಯಲ್ಲಿ ವೇಲರಂಟ್ ಮಾತ್ರ ಆದರೆ ಈ ಎರಡೂ ಬೇಡ ಎಂದು ಅವನ ಪಟ್ಟಿಯೇ ಹೇಳಿಬಿಡುತ್ತದೆ.

ಪ್ರೊಸೆಸರ್ ಕೂಡ ಹಾಗೆಯೇ. ಆಟಕ್ಕೆಂದು ಈಗ ಮಕ್ಕಳು ಹೇಳುವ ಹೆಸರು ಎಎಂಡಿಯ ರೈಜನ್ 7 9800ಎಕ್ಸ್3ಡಿ. 2024ರ ನವೆಂಬರಿನಲ್ಲಿ ಬಂದದ್ದು. ಎಂಟು ಕೋರ್, ಜೊತೆಗೆ 96 ಎಂಬಿ ಎಲ್3 ಕ್ಯಾಶೆ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವ ಜಾಗ ಅದು. ಅಡುಗೆಯವರು ಉಪ್ಪು, ಮೆಣಸು ಒಲೆಯ ಪಕ್ಕ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಒಳ್ಳೆಯ ಪ್ರೊಸೆಸರೇ. ಆದರೆ ನಾಲ್ಕು-ಕೆ ಪರದೆಯಲ್ಲಿ ಹೊರೆ ಬೀಳುವುದು ಹೆಚ್ಚಾಗಿ ಕಾರ್ಡಿನ ಮೇಲೆ. ಅಲ್ಲಿ ಇದಕ್ಕೂ ಇದಕ್ಕಿಂತ ಅಗ್ಗದ ಪ್ರೊಸೆಸರಿಗೂ ವ್ಯತ್ಯಾಸ ಕಡಿಮೆಯಾಗುತ್ತದೆ. ಎಲ್ಲಿಗೆ ಎಷ್ಟು ಎನ್ನುವುದೇ ಈ ಪಟ್ಟಿಯ ಜಾಣತನ.

ರ‍್ಯಾಮ್ ಬಗ್ಗೆ ಒಂದು ಮಾತು. 2025ರ ಕೊನೆಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡದ್ದೇ ಮುಖ್ಯ ಕಾರಣ. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುವುದನ್ನೇ ನಿಲ್ಲಿಸುತ್ತೇವೆ ಎಂದು ಪ್ರಕಟಿಸಿತು. ಹಾಗಾಗಿ ಎರಡು ವರ್ಷ ಹಿಂದಿನ ವಿಡಿಯೋ ನೋಡಿ ಮಗ ಹೇಳಿದ ಬೆಲೆಯೂ ಅಂಗಡಿಯವರು ಹೇಳಿದ ಬೆಲೆಯೂ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಕೂಡಲೇ ತಿಳಿಯಬೇಡಿ. ಮೂರು ಕಡೆ ವಿಚಾರಿಸಿ, ತಾರೀಕು ಹಾಕಿ ಬರೆದಿಡಿ.

ಈಗ ಮಕ್ಕಳ ಪಟ್ಟಿಯಲ್ಲಿ ಕೊನೆಗೆ ಇರುವ, ನನ್ನ ಪ್ರಕಾರ ಮೇಲೆಯೇ ಇರಬೇಕಾದ ಸಾಮಾನುಗಳು. ಎಸ್‌ಎಂಪಿಎಸ್, ಯುಪಿಎಸ್ ಮತ್ತು ಮನೆಯ ಅರ್ಥಿಂಗ್. ಇವುಗಳಲ್ಲಿ ಬಣ್ಣದ ಲೈಟು ಇಲ್ಲ, ಹಾಗಾಗಿ ಯಾರಿಗೂ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್‌ಗೆ ಅರವತ್ತು ಸಾವಿರದ ಕಾರ್ಡನ್ನು ಒಪ್ಪಿಸುವವರುಂಟು. ಹಾಗೆ ಮಾಡಬೇಡಿ. 80 ಪ್ಲಸ್ ಗುರುತು ಇರುವ, ಒಳ್ಳೆಯ ಹೆಸರಿನ, ಬೇಕಾದಷ್ಟು ವ್ಯಾಟಿನದನ್ನೇ ಹಾಕಿಸಿ. ಯುಪಿಎಸ್ ಮೇಲೆ 600 ಎಂದು ಬರೆದದ್ದು ವಿಎ, ವ್ಯಾಟ್ ಅಲ್ಲ. 600 ವಿಎಯ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ದೊಡ್ಡ ಆಟ ಓಡುತ್ತಿರುವಾಗ ಕರೆಂಟು ಹೋದರೆ ಅದು ಕೂಗಿಕೊಂಡು ಮಲಗುತ್ತದೆ.

ನಮ್ಮ ಊರಿನ ಸಿಡಿಲಿನ ಬಗ್ಗೆ ಬೇರೆ ಹೇಳಬೇಕೇ? ತುಲಾ ತಿಂಗಳಿನ ಸಂಜೆ ಗುಡುಗು ಶುರುವಾದರೆ ಪ್ಲಗ್ ಎಳೆದಿಡುವುದೇ ಒಳ್ಳೆಯದು. ಇಂಟರ್‌ನೆಟ್ ಕೇಬಲ್ ಕೂಡ ಕಳಚಬೇಕು, ಅದರ ಮೂಲಕವೂ ಹೊಡೆತ ಬರುತ್ತದೆ. ಹಳೆಯ ಮನೆಯಾದರೆ ಮೊದಲು ವಯರಿಂಗಿನವರನ್ನು ಕರೆದು ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಇಲ್ಲದ ಪ್ಲಗ್ಗಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿ ಹೆಚ್ಚಿನ ಪ್ರಯೋಜನವಿಲ್ಲ.

ಕರೆಂಟು ಬಿಲ್ಲಿನ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಿ, ಏಳನೇ ಕ್ಲಾಸಿನ ಗಣಿತ ಸಾಕು. ಕಂಪ್ಯೂಟರ್, ಮಾನಿಟರ್ ಸೇರಿ ಆಡುವಾಗ 450 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆಗೆ 1.8 ಯೂನಿಟ್. ನಮಗೆ ಎರಡು ತಿಂಗಳಿಗೊಮ್ಮೆ ಬಿಲ್ಲು, 60 ದಿನಕ್ಕೆ 108 ಯೂನಿಟ್. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯೂನಿಟ್, ಅಂದರೆ ಎರಡು ತಿಂಗಳಿಗೆ 500 ದಾಟಿದರೆ, ಹಂತ ಹಂತದ ದರ ಹೋಗಿ ಮೊದಲ ಯೂನಿಟ್‌ನಿಂದಲೇ ಮೇಲಿನ ದರ ಬೀಳುತ್ತದೆ. ಈಗಾಗಲೇ 420 ಯೂನಿಟ್ ಉರಿಸುವ ಮನೆಗೆ ಈ 108 ಸೇರಿದರೆ 528. ಇದು ಮೊದಲೇ ಗೊತ್ತಿದ್ದರೆ ಆಟದ ಹೊತ್ತಿನ ಬಗ್ಗೆ ಮನೆಯಲ್ಲಿ ಜಗಳವಾಗುವ ಬದಲು ಲೆಕ್ಕದ ಮಾತಾಗುತ್ತದೆ.

ಕಾಸರಗೋಡಿನಲ್ಲಿ ತೆಗೆಯಬೇಕೋ ಮಂಗಳೂರಿನಲ್ಲೋ ಎಂದು ಕೇಳುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತಲಪಾಡಿಯ ಆಚೆಗೂ ಈಚೆಗೂ ತೆರಿಗೆ ಒಂದೇ, ಕಂಪ್ಯೂಟರ್ ಬಿಡಿಭಾಗಕ್ಕೆ ನೂರಕ್ಕೆ 18. ಗಡಿ ದಾಟಿ ತೆರಿಗೆಯಲ್ಲಿ ಉಳಿಯುವುದೇನೂ ಇಲ್ಲ. ಬೆಲೆ ನೋಡಿ, ಕೆಟ್ಟರೆ ಹೊತ್ತುಕೊಂಡು ಹೋಗಲು ಯಾವುದು ಹತ್ತಿರ ಎಂದೂ ನೋಡಿ. ಮುಖ್ಯವಾದದ್ದು ಬಿಲ್ಲು. "ಗೇಮಿಂಗ್ ಪಿಸಿ ಒಂದು" ಎಂದು ಒಂದೇ ಸಾಲಿನ ಬಿಲ್ಲು ಒಪ್ಪಬೇಡಿ. ಪ್ರತಿ ಭಾಗಕ್ಕೂ ಬೇರೆ ಸಾಲು, ಮಾದರಿ, ಸೀರಿಯಲ್ ನಂಬರ್ ಬೇಕು. ಜೋಡಿಸಿದ ಕಂಪ್ಯೂಟರಿನಲ್ಲಿ ವಾರಂಟಿ ಒಂದೊಂದು ಭಾಗಕ್ಕೂ ಆಯಾ ಕಂಪೆನಿಯದ್ದು, ಅವಧಿಯೂ ಬೇರೆ ಬೇರೆ. ಖಾಲಿ ಪೆಟ್ಟಿಗೆಗಳನ್ನೂ ಅಟ್ಟದಲ್ಲಿ ಇಡಿ.

ಮನೆಗೆ ತಂದ ದಿನ ಮೂರು ಪರೀಕ್ಷೆ. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿದೆಯೇ? ಸೆಟ್ಟಿಂಗಿನಲ್ಲಿ 144 ಹರ್ಟ್ಸ್ ಆರಿಸಿದೆಯೇ, ಅಥವಾ 60ರಲ್ಲೇ ನಿಂತಿದೆಯೇ? ರ‍್ಯಾಮ್ ಎರಡು ಕಡ್ಡಿಗಳಾಗಿ ಸರಿಯಾದ ಸ್ಲಾಟಿನಲ್ಲಿ ಕೂತಿದೆಯೇ? ಇವು ತಪ್ಪಿದರೆ ಲಕ್ಷದ ಸಾಮಾನು ಅರ್ಧ ಕೆಲಸವನ್ನೂ ಮಾಡಲಿಕ್ಕಿಲ್ಲ.

ಇಷ್ಟೆಲ್ಲ ಬರೆದದ್ದು ನೋಡಿ, "ಮಾಷ್ಟ್ರು ಮಕ್ಕಳನ್ನು ಹಾಳು ಮಾಡುತ್ತಿದ್ದಾರೆ" ಎನ್ನುವವರು ಇರಬಹುದು. ಹಣ ಕಟ್ಟಿ ಆಡುವುದು ಬೇರೆ, ಇದು ಬೇರೆ. ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿದ ಕಾನೂನು ಕೂಡ ಹಣದ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿದೆ. ಇದೇ ಯಂತ್ರದಲ್ಲಿ ಬ್ಲೆಂಡರ್ ಎಂಬ ಉಚಿತ ತಂತ್ರಾಂಶ ಹಾಕಿ ಮೂರು ಆಯಾಮದ ಚಿತ್ರ, ಅನಿಮೇಷನ್ ಮಾಡಬಹುದು. ನಮ್ಮ ಶಾಲೆಗಳ ಲಿಟಲ್ ಕೈಟ್ಸ್ ಮಕ್ಕಳಿಗೆ ಅದರ ಪರಿಚಯ ಉಂಟು. ಆಟ ಆಡಿಯೇ ದೊಡ್ಡ ಕೆಲಸ ಸಿಗುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ಆಟ ಆಟವೇ.

ಶಕ್ತಿ ಇಲ್ಲದವರು ಸಾಲ ಮಾಡಬೇಕಾಗಿಲ್ಲ. ರೈಜನ್ 5 8600ಜಿಯಂಥ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿ ಈಗ ಶುರು ಮಾಡಿ, ಎರಡು ವರ್ಷ ಬಿಟ್ಟು ಕಾರ್ಡ್ ಸೇರಿಸಬಹುದು. ಜೋಡಿಸಿದ ಕಂಪ್ಯೂಟರಿನ ದೊಡ್ಡ ಲಾಭವೇ ಅದು. ಹಾಗೆ ಮಾಡುವುದಾದರೆ ಎಸ್‌ಎಂಪಿಎಸ್ ಮಾತ್ರ ಈಗಲೇ ದೊಡ್ಡದು ಹಾಕಿಸಿ.

ಕೊನೆಗೆ ಕನ್ನಡದ ವಿಷಯ. ಪಟ್ಟಿ ಕನ್ನಡದಲ್ಲೇ ಯಾಕೆ, ಪ್ರೊಸೆಸರ್, ರ‍್ಯಾಮ್ ಎಲ್ಲ ಇಂಗ್ಲಿಷ್ ಶಬ್ದವೇ ಅಲ್ಲವೇ ಎನ್ನಬಹುದು. ಶಬ್ದ ಇಂಗ್ಲಿಷಿನದ್ದೇ ಇರಲಿ, ಕಾರಣ ಕನ್ನಡದಲ್ಲಿರಲಿ. ಯಾಕೆಂದರೆ ಆ ಕಾರಣ ತಲುಪಬೇಕಾದದ್ದು ಅಪ್ಪ ಅಮ್ಮನಿಗೆ. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಥದ್ದೆಲ್ಲ ತಲೆಗೆ ಹತ್ತುವುದಿಲ್ಲ ಎಂದು ನಮ್ಮ ಮಕ್ಕಳಿಗೆ ಹೇಳುವವರು ಗಡಿಯ ಎರಡೂ ಕಡೆ ಇದ್ದಾರೆ. ಅವರಿಗೆ ಭಾಷಣದಲ್ಲಿ ಉತ್ತರ ಕೊಟ್ಟು ಪ್ರಯೋಜನ ಕಾಣೆ. ಚುಕ್ಕೆಗಳ ಗುಣಾಕಾರ, ಯೂನಿಟ್ ಲೆಕ್ಕ, ವ್ಯಾಟಿಗೂ ವಿಎಗೂ ಇರುವ ವ್ಯತ್ಯಾಸ ಇಷ್ಟನ್ನು ಒಬ್ಬ ಹುಡುಗಿ ತನ್ನ ಮಾತಿನಲ್ಲಿ ಅಜ್ಜನಿಗೆ ಅರ್ಥವಾಗುವಂತೆ ಹೇಳಿದರೆ, ಅವಳಿಗೆ ವಿಷಯ ಬಂದಿದೆ ಎಂದೇ ಲೆಕ್ಕ.

ಈ ರಜೆಯಲ್ಲಿ ಮನೆಯಲ್ಲಿ ಬೇಡಿಕೆ ಬಂದರೆ ಬೈಯಬೇಡಿ, ಕೂಡಲೇ ಪರ್ಸಿಗೂ ಕೈ ಹಾಕಬೇಡಿ. ಒಂದು ನೋಟು ಪುಸ್ತಕ ಕೊಟ್ಟು "ಬರೆದು ತಾ" ಎನ್ನಿ. ಅವರು ಓದುವಾಗ ಪ್ರತಿ ಸಾಲಿಗೂ "ಇದು ಯಾಕೆ?" ಎಂದು ಕೇಳಿ. ಉತ್ತರ ಬಾರದ ಸಾಲಿಗೆ ದುಡ್ಡು ಕೊಡಬೇಡಿ.