ಲೆಕ್ಕದ ಕಡತ ಬೆಳೆದಾಗ: ದೊಡ್ಡ ಯಂತ್ರವೊಂದೇ ಪರಿಹಾರವಲ್ಲ

ವ್ಯಾಪಾರ ಬೆಳೆಯಬೇಕೆಂಬುದು ಪ್ರತಿಯೊಬ್ಬ ವರ್ತಕನ ಬಯಕೆ. ಆದರೆ ಅದರೊಡನೆ ಬೆಳೆಯುವ ಲೆಕ್ಕದ ಕಡತವನ್ನು ಹೊರಬಲ್ಲ ಗಣಕ ವ್ಯವಸ್ಥೆ ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳುವವರು ವಿರಳ. ಬೂಕನಕೆರೆ, ಕೃಷ್ಣರಾಜಪೇಟೆ, ಪಾಂಡವಪುರಗಳ ಕಡೆಯ ಬೆಲ್ಲದ ವರ್ತಕರಿಗಾಗಲಿ, ಅಕ್ಕಿ ಗಿರಣಿಗಳ ಮಾಲೀಕರಿಗಾಗಲಿ ಬಿಲ್ಲು, ದಾಸ್ತಾನು, ತೆರಿಗೆ ವಿವರಗಳಿಗೆ ಗಣಕಯಂತ್ರ ಅನಿವಾರ್ಯವಾಗುತ್ತಿದೆ. ಮೊದಲ ವರ್ಷ ಕ್ಷಣದಲ್ಲಿ ತೆರೆಯುತ್ತಿದ್ದ ಖಾತೆ ಐದನೆಯ ವರ್ಷ ನಿಮಿಷಗಟ್ಟಲೆ ಕಾಯಿಸತೊಡಗಿದಾಗ ತಂತ್ರಾಂಶ ಮಾರಿದವರಿಂದ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ಇನ್ನೂ ದೊಡ್ಡ ಸರ್ವರ್ ಕೊಳ್ಳಿರಿ. ಈ ಸಲಹೆಯನ್ನು ಪರೀಕ್ಷಿಸದೆ ಒಪ್ಪಿ ಹಣ ತೆರುವುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇಂದು ಅನೇಕ ಜಾಲ ಆಧಾರಿತ ತಂತ್ರಾಂಶಗಳನ್ನು ಜಾಂಗೋ, ರೈಲ್ಸ್, ಲಾರಾವೆಲ್ ಮುಂತಾದ ಸಿದ್ಧ ಚೌಕಟ್ಟುಗಳ ಮೇಲೆ ಕಟ್ಟಲಾಗುತ್ತದೆ. ಇವುಗಳಿಂದ ಕೆಲಸ ಬೇಗ ಮುಗಿಯುತ್ತದೆ, ಖರ್ಚೂ ಇಳಿಯುತ್ತದೆ. ಆದರೆ ಎಲ್ಲ ಮಾಹಿತಿಯೂ ಒಂದೇ ದತ್ತಸಂಚಯದಲ್ಲಿ, ಅಂದರೆ ಒಂದೇ ಡೇಟಾಬೇಸಿನಲ್ಲಿ, ಇದೆಯೆಂದು ಭಾವಿಸಿಕೊಂಡೇ ಇವು ಸಾಮಾನ್ಯವಾಗಿ ನಡೆಯುತ್ತವೆ. ಎಚ್ಚರದಿಂದ ಬರೆಯದಿದ್ದರೆ, ನೂರು ಬಿಲ್ಲುಗಳ ಪಟ್ಟಿಗಾಗಿ ಒಮ್ಮೆ, ಪ್ರತಿ ಬಿಲ್ಲಿನ ಗಿರಾಕಿಯ ಹೆಸರಿಗಾಗಿ ನೂರು ಸಲ, ಹೀಗೆ ನೂರೊಂದು ಬಾರಿ ದತ್ತಸಂಚಯದ ಬಾಗಿಲು ತಟ್ಟುತ್ತವೆ. ನೂರು ಚೀಟಿಗಳಿಗಾಗಿ ನೂರು ಸಲ ಉಗ್ರಾಣಕ್ಕೆ ಓಡುವ ಗುಮಾಸ್ತನಿಗೆ ಸೈಕಲ್ ಕೊಡಿಸಿದರೆ ಲಾಭ ಅಲ್ಪ. ಎಲ್ಲ ಚೀಟಿಗಳನ್ನೂ ಒಟ್ಟಿಗೆ ಒಯ್ಯಲು ಹೇಳಬೇಕು. ಮೊದಲು ಇಂಥ ದೋಷಗಳನ್ನು ತಿದ್ದಿಸಬೇಕು, ಹುಡುಕಾಟಕ್ಕೆ ತಕ್ಕ ಸೂಚಿಗಳನ್ನು ಮಾಡಿಸಬೇಕು. ಅನೇಕ ಸಣ್ಣ ಉದ್ದಿಮೆಗಳಿಗೆ ಇಷ್ಟೇ ಸಾಕಾಗುತ್ತದೆ.

ಇಷ್ಟರಿಂದಲೂ ಸಾಲದಾದಾಗ ಕಡತವನ್ನು ಹಂಚಬೇಕಾಗುತ್ತದೆ. ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಉತ್ತಮ ನಿದರ್ಶನವಿದೆ. 2001ರ ಸುಮಾರಿಗೆ ಭೂಮಿ ಯೋಜನೆಯು 67 ಲಕ್ಷದಷ್ಟು ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ ಆರಂಭದಲ್ಲಿ ತಾಲ್ಲೂಕಿಗೊಂದರಂತೆ ದತ್ತಸಂಚಯಗಳನ್ನು ಇರಿಸಲಾಗಿತ್ತು. ಬೂಕನಕೆರೆಯ ರೈತನ ಪಹಣಿಗಾಗಿ ಬೀದರಿನ ದಾಖಲೆಗಳನ್ನು ತಡಕಬೇಕಾಗಿರಲಿಲ್ಲ. ಕೃಷ್ಣರಾಜಪೇಟೆಯ ಕಡತವೊಂದೇ ಸಾಕಾಗಿತ್ತು. ವ್ಯವಹಾರದ ಸಹಜ ಎಲ್ಲೆಯೇ ಇಲ್ಲಿ ಕಡತದ ಎಲ್ಲೆಯೂ ಆಯಿತು.

ಕೆಲಸದ ಹೊರೆಯನ್ನು ಕಾಲದ ಮೇಲೆಯೂ ಹಂಚಬಹುದು. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಮೊದಲ ವಿವರಪಟ್ಟಿಗೆ ಆಗಸ್ಟ್ 20 ಕಡೆಯ ದಿನವಾಗಿತ್ತು. ಕೊನೆಯ ಗಳಿಗೆಯಲ್ಲಿ ಜಾಲತಾಣ ತೊಡಕಿಗೆ ಸಿಲುಕಿ ಗಡುವು 25ಕ್ಕೆ ಮುಂದೆ ಹೋಯಿತು. 2020ರ ಜನವರಿಯಲ್ಲಿ ಸರ್ಕಾರವು ವಹಿವಾಟು ಮತ್ತು ರಾಜ್ಯಗಳಿಗೆ ಅನುಗುಣವಾಗಿ ಗಡುವನ್ನೇ 20, 22, 24 ಎಂದು ವಿಂಗಡಿಸಿತು. ಯಂತ್ರದ ಹೊರೆಯನ್ನು ನಿಯಮವೊಂದರಿಂದ ಹಗುರಗೊಳಿಸಿದ ಕ್ರಮವಿದು.

ಹಂಚಿಕೆಗೂ ಬೆಲೆಯುಂಟೆಂಬುದನ್ನು ಮರೆಯಬಾರದು. ಎರಡು ಊರುಗಳ ಗೋದಾಮುಗಳಿಗೆ ಎರಡು ದತ್ತಸಂಚಯಗಳಿದ್ದರೆ, ಒಂದರಿಂದ ಇನ್ನೊಂದಕ್ಕೆ ಸರಕು ಕಳುಹಿಸುವಾಗ ಎರಡೂ ಕಡೆ ನಮೂದಾಗಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ ಒಂದೆಡೆ ಕಳೆದದ್ದು ಮತ್ತೊಂದೆಡೆ ಕೂಡದೆ ಉಳಿದೀತು. ಆದ್ದರಿಂದ ನಿಜವಾದ ಅಗತ್ಯ ಬೀಳುವವರೆಗೆ ಕಡತ ಒಂದೇ ಆಗಿರುವುದು ಲೇಸು.

ತಂತ್ರಾಂಶ ಕೊಳ್ಳುವ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಈಗಿರುವುದಕ್ಕಿಂತ ಹತ್ತು ಪಟ್ಟು ಬಿಲ್ಲುಗಳನ್ನು ತುಂಬಿ ನಮ್ಮೆದುರು ನಡೆಸಿ ತೋರಿಸುವಿರಾ? ಹಳೆಯ ವರ್ಷಗಳ ಲೆಕ್ಕವನ್ನು ಬೇರೆಯಾಗಿ ಇಟ್ಟು, ಬೇಕೆಂದಾಗ ತೆರೆಯಬಹುದೇ? ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿಡಬೇಕೆಂದು ತೆರಿಗೆ ಕಾನೂನು ವಿಧಿಸಿರುವುದರಿಂದ ಅಳಿಸಿಹಾಕುವುದು ದಾರಿಯಲ್ಲ. ನಾವು ಬೇರೆಯವರ ಬಳಿಗೆ ಹೋದರೆ ನಮ್ಮ ಮಾಹಿತಿಯನ್ನೆಲ್ಲ ಬಳಸಬಹುದಾದ ರೂಪದಲ್ಲಿ ಒಪ್ಪಿಸುವಿರಾ?

ಉತ್ತರಗಳನ್ನು ಕರಾರುಪತ್ರದಲ್ಲಿ ಬರೆಸಿಕೊಳ್ಳಬೇಕು. ಬಾಯಿಮಾತನ್ನು ನಂಬಿ ಸರಕು ಕೊಳ್ಳದ ನಾವು ಲೆಕ್ಕದ ವಿಷಯದಲ್ಲಿಯೂ ಅದೇ ಎಚ್ಚರ ವಹಿಸೋಣ.